ಶನಿವಾರದ ನಾಡಿ

ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು ಅನ್ನುತ್ತಾರಲ್ಲ,
ನನ್ನದು ಆ ಕೆಲಸ.
ಎಣ್ಣೆಯ ಬದಲು ಹನಿಮದ್ದು, ಎರಡು ತಾಸಿಗೊಮ್ಮೆ,
ಪರದೆ ನೋಡಿ ನೋಡಿ ಒಣಗಿದ ಕಣ್ಣಿಗೆ.
ಕ್ರಾಮ್ಲಿಂಗ್ಟನ್ನಿನಲ್ಲಿ, ಜಮಖಾನೆ ಅಂಗಡಿಯ ಮೇಲಿನ ಮಹಡಿ.
ನಲವತ್ತೊಂದು ಮನೆಗಳ ನಲವತ್ತೊಂದು ನಾಡಿ
ಹಸಿರು ಗೆರೆಯಾಗಿ ನನ್ನ ಮುಂದೆ ಹರಿಯುತ್ತವೆ.
ಯಾರ ಮುಂಗೈಯನ್ನೂ ನಾನು ಮುಟ್ಟಿಲ್ಲ.

ಏಳನೆಯ ಸಾಲು ವಿಲ್ಫ್ ಹೆಪ್ಪಲ್, ಆಶಿಂಗ್ಟನ್.
ವಯಸ್ಸು ಎಪ್ಪತ್ತೆಂಟು. ಇಪ್ಪತ್ತಾರು ವರ್ಷ ಕಲ್ಲಿದ್ದಲು,
ಅದರ ಬಾಕಿ ಇನ್ನೂ ಶ್ವಾಸಕೋಶದಲ್ಲಿ.
ಬೆರಳ ತುದಿಗೆ ಚಿಮುಟದಂಥ ಯಂತ್ರ, ಮಣಿಕಟ್ಟಿಗೆ ಬೂದು ಪಟ್ಟಿ.
ತಂಗಿ ಡೋರೀನ್ ದಿನಾ ರಾತ್ರಿ ಚಾರ್ಜಿಗೆ ಹಾಕುತ್ತಾಳೆ,
ಹಾಕುವ ಮುಂಚೆ ಗೊಣಗುತ್ತಾಳೆ:
"ಇನ್ನು ಇದಕ್ಕೂ ಬಡಿಸಬೇಕು."

ಜೂನಿನ ಒಂದು ಶನಿವಾರ, ಮೂರೂ ನಲವತ್ತಕ್ಕೆ
ಏಳನೆಯ ಸಾಲು ಕೆಂಪಾಯಿತು.
ನಾಡಿ ನೂರಾ ಇಪ್ಪತ್ತೆಂಟು. ಆಮ್ಲಜನಕ ಎಂಬತ್ತೊಂಬತ್ತು.
ಕರೆ ಮಾಡಿದೆ. ಎತ್ತಲಿಲ್ಲ.
ಎರಡನೆಯ ಸಲಕ್ಕೆ ಪಿಸುದನಿ:
"ಫೋನಿಡು ಮಾರಾಯ್ತಿ. ಅವಳು ಬರೋ ಹೊತ್ತು."

ಇಡಲಿಲ್ಲ. ನಿಯಮ.
ಎದೆನೋವೇ? ಇಲ್ಲ. ತಲೆಸುತ್ತು? ಇಲ್ಲ.
ಬರುವವರು ಯಾರು?
ಉತ್ತರವಿಲ್ಲ. ಡಬ್ಬಿಯಲ್ಲಿ ಕಾಳು ಕುಲುಕುವ ಸದ್ದು,
ಕುಲುಕಿ, ನಿಲ್ಲಿಸಿ, ಮತ್ತೆ ಕುಲುಕಿ,
ಗಾಳಿ, ದೂರದಲ್ಲೊಂದು ಬಸ್ಸು, ಅವರ ಉಸಿರಿನ ಸಿಳ್ಳೆ,
ಆಮೇಲೆ ಯಾರೋ ಒದ್ದೆ ಬಟ್ಟೆ ಕೊಡವಿದಂತೆ ರೆಕ್ಕೆ,
ಒಂದು ಪುಟ್ಟ ಪೀಂ.

ಫ್ರಾನ್ಸಿನಿಂದ, ಅಂದರು. ಬೆಳಿಗ್ಗೆ ಆರಕ್ಕೆ ಬಿಟ್ಟದ್ದು.
ಕಾಲಿನ ಉಂಗುರದಲ್ಲಿ ಚಿಪ್; ಗೂಡಿನ ಹೊಸ್ತಿಲು ದಾಟಿದರೆ
ಗಡಿಯಾರಕ್ಕೆ ಗೊತ್ತಾಗುತ್ತದೆ.
"ನಿನ್ನ ಪಟ್ಟಿ ನಂಗೇನು ಹೊಸದಲ್ಲ.
ನನ್ನ ಪಾರಿವಾಳಗಳೆಲ್ಲ ಕಟ್ಟಿಕೊಂಡೇ ಹಾರೋದು."
ಪರದೆಯ ಮೇಲೆ ನಾಡಿ ಇಳಿಯುತ್ತಿತ್ತು,
ನೂರಾ ಹದಿನಾರು, ನೂರಾ ಎರಡು, ತೊಂಬತ್ತೊಂದು,
ಕಂಬಿ ಹಿಡಿದು ಮೆಟ್ಟಿಲಿಳಿಯುವವರ ಹಾಗೆ.

ಕಾರಣ ಎಂಬ ಖಾನೆಯಲ್ಲಿ ನಾಲ್ಕೇ ಆಯ್ಕೆ:
ವ್ಯಾಯಾಮ, ನೋವು, ಪಟ್ಟಿ ಸಡಿಲ, ಇತರೆ.
ಇತರೆ ಒತ್ತಿದೆ.
ಜೀವ ಕೈಯಲ್ಲಿ ಹಿಡಿದು ಕೂತದ್ದಕ್ಕೆ ಗುಂಡಿಯಿಲ್ಲ.

ಆಮೇಲಾಮೇಲೆ ಮಾತು ಬೆಳೆಯಿತು.
ಗಣಿಗಿಳಿಯುವಾಗ ದೀಪದ ಕೋಣೆಯಲ್ಲಿ
ಹಿತ್ತಾಳೆ ಬಿಲ್ಲೆ ಕೊಟ್ಟು ಹೋಗಬೇಕಿತ್ತಂತೆ. ಅವರದು ೪೧೭.
ಪಾಳಿ ಮುಗಿದ ಮೇಲೂ ಮೊಳೆಯಲ್ಲಿ ತೂಗುತ್ತಿದ್ದರೆ
ಆ ಮನುಷ್ಯ ಇನ್ನೂ ನೆಲದ ಕೆಳಗೆ.
"ಅಲ್ಲೂ ಒಬ್ಬ ಕೂತಿರ್ತಿದ್ದ ನಿನ್ನ ಹಾಗೆ,
ಬಿಲ್ಲೆ ನೋಡ್ತಾ, ಟೀ ಕುಡೀತಾ."
ನಾನು ಲೋಟ ಕೆಳಗಿಟ್ಟೆ.

ನಮ್ಮ ಗಿಲಿಯನ್ ವೈದ್ಯರ ಸಹಿ ಹಾಕಿಸಿ
ಏಳನೆಯ ಸಾಲಿಗೆ ಶನಿವಾರದ ಮಿತಿ ಏರಿಸಿಕೊಟ್ಟಳು.

ಜುಲೈನಲ್ಲಿ ಒಂದು ಶನಿವಾರ
ಏರಿದ್ದು ಇಳಿಯಲೇ ಇಲ್ಲ, ಕತ್ತಲಾಗುವ ತನಕ.
ಭಾನುವಾರ ಅದೇ ಹೊತ್ತಿಗೆ ಮತ್ತೆ ಏರಿತು. ಸೋಮವಾರವೂ.
ಕರೆ ಮಾಡಿದರೆ ಡೋರೀನ್:
"ಆ ನೀಲಿ ಹೆಣ್ಣು, ಅರವತ್ತೆರಡು. ಕಡಲ ಮೇಲೆ ಮಂಜಂತೆ.
ಅಂವ ಹಿತ್ತಲಲ್ಲೇ ಇದ್ದಾನೆ, ಡಬ್ಬಿ ಹಿಡಕೊಂಡು."
ಹೆಸರಿಡುವುದಿಲ್ಲ ಅವರು ಯಾವುದಕ್ಕೂ,
ಹೆಸರಿಟ್ಟರೆ ಕಾಯುವುದು ಕಷ್ಟ ಅಂತ.
ನನಗೂ ಇಲ್ಲಿ ಮೊದಲು ಕಲಿಸಿದ್ದು ಅದೇ:
ಸಾಲಿನ ಸಂಖ್ಯೆ ಹೇಳು.

ಗುರುವಾರ ಸಂಜೆ ಆರೂ ಹನ್ನೆರಡು.
ಏಳನೆಯ ಸಾಲು ನೂರಾ ಮೂವತ್ತೊಂದಕ್ಕೆ ಜಿಗಿದು
ಒಂದು ನಿಮಿಷ ಅಲ್ಲೇ ನಿಂತು
ಮೆಲ್ಲಗೆ, ಮೆಲ್ಲಗೆ, ಎಂಬತ್ತನಾಲ್ಕು.
ಬಂದದ್ದು ಅವಳೋ,
ಇವರೇ ಸಾಕೆಂದು ಮೆಟ್ಟಿಲು ಹತ್ತಿ ಒಳಗೆ ಹೋಗಿ ಕೂತರೋ.
ಅಂಕಿ ಅಷ್ಟೇ ಹೇಳುತ್ತದೆ.
ಮಿತಿಯೊಳಗಿತ್ತು, ಕರೆ ಮಾಡಬೇಕಿರಲಿಲ್ಲ. ಮಾಡಲಿಲ್ಲ.

ಟಿಪ್ಪಣಿಯ ಜಾಗದಲ್ಲಿ ನಾನು ಕನ್ನಡದಲ್ಲಿ ಬರೆದೆ: ಬಂತು.
ತಂತ್ರಾಂಶಕ್ಕೆ ಓದಲು ಬಾರದು,
ನಾಲ್ಕು ಖಾಲಿ ಚೌಕ ತೋರಿಸಿತು,
ಬಾಗಿಲು ತೆರೆದಿಟ್ಟ ಗೂಡುಗಳು.
ಉಳಿಸಲೇ? ಎಂದು ಕೇಳಿತು.
ಉಳಿಸು, ಅಂದೆ.